ಕೋಶವನ್ನೂ ಓದಿದ, ದೇಶವನ್ನೂ ಸುತ್ತಿದ ಬೊಲೊನಿ

ಒಂದು ಬಯೋಡೇಟಾ ನಿಮ್ಮ ಕೈಗೆ ಬಂತು ಎಂದುಕೊಳ್ಳಿ. ವಿದ್ಯಾರ್ಹತೆಯ ಜಾಗದಲ್ಲಿ ದಂತವೈದ್ಯಕೀಯ ಪದವಿ ಎಂದಿದೆ. ಅನುಭವದ ಜಾಗದಲ್ಲಿ ಹಲ್ಲಿನ ಸುದ್ದಿಯೇ ಇಲ್ಲ. ಮೊದಲ 14 ವರ್ಷ ಒಂದೇ ಊರಿನ ತಂಡದಲ್ಲಿ ಫುಟ್‌ಬಾಲ್ ಆಟ. ಆಮೇಲೆ ಕೋಚ್ ಕೆಲಸ: ಫ್ರಾನ್ಸ್, ರುಮೇನಿಯಾ, ಪೋರ್ಚುಗಲ್, ಮತ್ತೆ ಫ್ರಾನ್ಸ್, ಅಬುಧಾಬಿ, ಬೆಲ್ಜಿಯಂ, ಮತ್ತೆ ಅಬುಧಾಬಿ, ಇನ್ನೊಮ್ಮೆ ಫ್ರಾನ್ಸ್, ಗ್ರೀಸ್, ಕತಾರ್, ಸೌದಿ ಅರೇಬಿಯಾ, ಮತ್ತೆ ಬೆಲ್ಜಿಯಂ, ಮತ್ತೆ ಗ್ರೀಸ್, ಕೊನೆಗೆ ಮತ್ತದೇ ಫ್ರಾನ್ಸ್. ಕೆಲವು ಕಡೆ ವರ್ಷಗಟ್ಟಲೆ, ಕೆಲವು ಕಡೆ ನಾಲ್ಕಾರು ತಿಂಗಳು, ಒಂದು ಕಡೆಯಂತೂ ನಾಲ್ಕು ವಾರವೂ ತುಂಬಿಲ್ಲ.

ನಮ್ಮ ಯಾವುದೇ ಇಂಟರ್‌ವ್ಯೂನಲ್ಲಿ ಈ ಬಯೋಡೇಟಾ ಇಟ್ಟರೆ ಮೊದಲ ಪ್ರಶ್ನೆ ಏನು ಬರುತ್ತದೆ ಎಂದು ನಿಮಗೂ ಗೊತ್ತು. ‘ಯಾಕ್ರೀ, ಒಂದು ಕಡೆ ನಿಲ್ಲೋದೇ ಇಲ್ವಾ?’

ಈ ಪ್ರಶ್ನೆ ನನಗೆ ಬಾಯಿಪಾಠವಾಗಿದೆ. ಬಿ.ಕಾಂ. ಮುಗಿಸಿ ನಾಲ್ಕು ವರ್ಷವಾಯಿತು. ಇಷ್ಟರಲ್ಲಿ ಮೂರು ಕಡೆ ಅಕೌಂಟ್ಸ್ ಕೆಲಸ ಮಾಡಿದ್ದೇನೆ. ಮೂರೂ ಗುತ್ತಿಗೆ ಆಧಾರದ್ದು. ಒಂದು ಕಡೆ ಪ್ರಾಜೆಕ್ಟ್ ಮುಗಿಯಿತು, ಒಂದು ಕಡೆ ಆಫೀಸೇ ಮುಚ್ಚಿತು, ಇನ್ನೊಂದು ಕಡೆ ಹನ್ನೊಂದು ತಿಂಗಳ ಕರಾರು ಮುಂದುವರಿಯಲಿಲ್ಲ. ನಾನು ಕೆಲಸ ಬಿಟ್ಟಿದ್ದಕ್ಕಿಂತ ಕೆಲಸ ನನ್ನನ್ನು ಬಿಟ್ಟಿದ್ದೇ ಹೆಚ್ಚು. ಆದರೆ ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಈಗ ವಿಶಾಖಪಟ್ಟಣದಲ್ಲಿ ಹದಿನೆಂಟು ತಿಂಗಳ ಇನ್ನೊಂದು ಗುತ್ತಿಗೆ ಕೆಲಸ ಸಿಕ್ಕಿದೆ. ‘ಭಾಷೆ ಬರಲ್ಲ, ಜನ ಗೊತ್ತಿಲ್ಲ, ಅದೂ ಪರ್ಮನೆಂಟ್ ಅಲ್ಲ’ ಎಂದು ಅಮ್ಮ ದಿನಾ ಹೇಳುತ್ತಾರೆ. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ.

ಹೋಗಬೇಕೋ ಬೇಡವೋ ಎಂದು ತೂಗಿ ನೋಡುತ್ತಿದ್ದ ಈ ದಿನಗಳಲ್ಲೇ ಮೇಲೆ ಹೇಳಿದ ಬಯೋಡೇಟಾದ ಮನುಷ್ಯನ ಬಗ್ಗೆ ಹುಡುಕಿ ಹುಡುಕಿ ಓದಿದೆ. ಹೆಸರು ಲಾಸ್ಲೊ ಬೊಲೊನಿ. ರುಮೇನಿಯಾದ ಮಿಡ್‌ಫೀಲ್ಡರ್. ಕ್ರಿಸ್ಟಿಯಾನೊ ರೊನಾಲ್ಡೊ ಎಂಬ ಹುಡುಗನನ್ನು ಮೊದಲ ಸಲ ದೊಡ್ಡವರ ತಂಡದಲ್ಲಿ ಕಣಕ್ಕಿಳಿಸಿದ ಕೋಚ್ ಎಂಬ ಒಂದೇ ಒಂದು ಸಾಲಿನಲ್ಲಿ ಜಗತ್ತು ಅವರನ್ನು ನೆನಪಿಟ್ಟುಕೊಂಡಿದೆ. ಆ ಸಾಲಿನ ಹಿಂದೆಯೂ ಮುಂದೆಯೂ ಇರುವುದು ನಮ್ಮಂಥವರಿಗೆ ಹೆಚ್ಚು ಉಪಯೋಗದ್ದು ಅನ್ನಿಸಿತು.

ಎರಡು ಹೆಸರು, ಒಂದೇ ಊರು

ಬೊಲೊನಿ ಹುಟ್ಟಿದ್ದು 1953ರ ಮಾರ್ಚ್ 11ರಂದು, ಟ್ರಾನ್ಸಿಲ್ವೇನಿಯಾ ಪ್ರಾಂತ್ಯದ ತರ್ನವೇನಿ ಎಂಬ ಸಣ್ಣ ಪಟ್ಟಣದಲ್ಲಿ. ಅದು ರುಮೇನಿಯಾಕ್ಕೆ ಸೇರಿದ್ದರೂ ಹಂಗೇರಿಯನ್ ಮಾತನಾಡುವ ಲಕ್ಷಾಂತರ ಜನರಿರುವ ಸೀಮೆ. ಬೊಲೊನಿ ಕುಟುಂಬವೂ ಅವರಲ್ಲೊಂದು. ಹಾಗಾಗಿ ಅವರಿಗೆ ಎರಡು ಹೆಸರು. ಮನೆಯ ಭಾಷೆಯಲ್ಲಿ ಲಾಸ್ಲೊ, ದೇಶದ ಭಾಷೆಯಲ್ಲಿ ಲಾಡಿಸ್ಲಾವು. ಒಂದು ಭಾಷೆಯಲ್ಲಿ ಉಂಡು ಇನ್ನೊಂದು ಭಾಷೆಯಲ್ಲಿ ವ್ಯವಹರಿಸುವುದು ಅವರಿಗೆ ಬಾಲ್ಯದಿಂದಲೇ ರೂಢಿ. ಮುಂದೆ ಅದಕ್ಕೆ ಫ್ರೆಂಚ್ ಸೇರಿತು, ಪೋರ್ಚುಗೀಸ್ ಸೇರಿತು.

1970ರಲ್ಲಿ ಅವರು ಹತ್ತಿರದ ತರ್ಗು ಮುರೆಶ್ ಎಂಬ ಊರಿನ ಸೇನಾ ಕ್ರೀಡಾ ಸಂಘದ ತಂಡ ಸೇರಿದರು. ವಯಸ್ಸು 17. ಅಲ್ಲೇ 1984ರವರೆಗೆ ಆಡಿದರು. ದೊಡ್ಡ ಊರಲ್ಲ, ದೊಡ್ಡ ಕ್ಲಬ್ಬೂ ಅಲ್ಲ. ಆದರೂ 1974–75ರಲ್ಲಿ ರಾಷ್ಟ್ರೀಯ ಲೀಗ್‌ನಲ್ಲಿ ಆ ತಂಡ ಎರಡನೇ ಸ್ಥಾನಕ್ಕೆ ಬಂತು. ಆಟದ ಜತೆಗೇ ಬೊಲೊನಿ ಅದೇ ಊರಿನಲ್ಲಿ ದಂತವೈದ್ಯಕೀಯ ಓದಿ ಪದವಿ ಪಡೆದರು. ವಾರವಿಡೀ ಅಭ್ಯಾಸ, ವಾರದ ಕೊನೆಗೆ ಪಂದ್ಯ, ನಡುವೆ ಪರೀಕ್ಷೆ. ದಂತವೈದ್ಯಕೀಯ ಓದುವ ನನ್ನ ಗೆಳತಿಗೆ ಈ ವಿಷಯ ಹೇಳಿದಾಗ ಅವಳು ನಂಬಲಿಲ್ಲ. ‘ನಮಗೆ ಊಟಕ್ಕೇ ಪುರುಸೊತ್ತಿರಲ್ಲ’ ಎಂದಳು.

ಚೌಷೆಸ್ಕು ಆಡಳಿತದ ರುಮೇನಿಯಾ ಅದು. ಆಟಗಾರರು ತಮಗೆ ಬೇಕೆಂದಾಗ ವಿದೇಶಿ ಕ್ಲಬ್ ಸೇರುವ ಹಾಗಿರಲಿಲ್ಲ. ಸರ್ಕಾರದ ಒಪ್ಪಿಗೆ ಬೇಕಿತ್ತು, ಅದು ಸಿಗುತ್ತಿದ್ದುದೇ ಅಪರೂಪ. ಬೊಲೊನಿ ಒಂದೇ ಊರಿನಲ್ಲಿ 14 ವರ್ಷ ಉಳಿದಿದ್ದರಲ್ಲಿ ಈ ಕಟ್ಟುಪಾಡಿನ ಪಾಲೂ ಇದೆ. ಆದರೆ ಆ ವರ್ಷಗಳನ್ನು ಅವರು ಕಾಯುತ್ತಾ ಕಳೆಯಲಿಲ್ಲ. ಒಂದು ವಿದ್ಯೆ ಕಾಲಿಗೆ, ಒಂದು ವಿದ್ಯೆ ಕೈಗೆ ಎಂಬಂತೆ ಎರಡನ್ನೂ ಗಟ್ಟಿ ಮಾಡಿಕೊಂಡರು.

ರಾಷ್ಟ್ರೀಯ ತಂಡಕ್ಕೆ ಅವರು 100ಕ್ಕೂ ಹೆಚ್ಚು ಪಂದ್ಯ ಆಡಿದರು. 1983ರ ಏಪ್ರಿಲ್‌ನಲ್ಲಿ ಬುಕಾರೆಸ್ಟ್‌ನಲ್ಲಿ ಅಂದಿನ ವಿಶ್ವ ಚಾಂಪಿಯನ್ ಇಟಲಿಯನ್ನು ರುಮೇನಿಯಾ 1–0ಯಿಂದ ಸೋಲಿಸಿತು. ಆ ಒಂದು ಗೋಲು ಬೊಲೊನಿಯವರದು. ಮರುವರ್ಷದ ಯುರೋ ಟೂರ್ನಿಯಲ್ಲಿ ಸ್ಪೇನ್ ವಿರುದ್ಧವೂ ಗೋಲು ಹೊಡೆದರು. ಆದರೆ ಅಷ್ಟೂ ವರ್ಷಗಳಲ್ಲಿ ರುಮೇನಿಯಾ ಒಂದು ವಿಶ್ವಕಪ್‌ಗೂ ಅರ್ಹತೆ ಪಡೆಯಲಿಲ್ಲ. ನೂರು ಪಂದ್ಯ ಆಡಿಯೂ ವಿಶ್ವಕಪ್ಪಿನ ಹುಲ್ಲು ಮೆಟ್ಟದ ಆಟಗಾರ ಅವರು.

ಸೆವಿಲ್‌ನ ಆ ರಾತ್ರಿ

1984ರಲ್ಲಿ, 31ನೇ ವಯಸ್ಸಿನಲ್ಲಿ, ಬೊಲೊನಿ ರಾಜಧಾನಿಯ ಸ್ಟೆಯಾವಾ ಬುಕಾರೆಸ್ಟ್ ತಂಡಕ್ಕೆ ಬಂದರು. ಅದು ಸೇನೆಯ ದೊಡ್ಡ ಕ್ಲಬ್. ಬಂದ ಮೇಲೆ ಸತತ ಮೂರು ವರ್ಷ ಲೀಗ್ ಪ್ರಶಸ್ತಿ ಬಂತು. ನಡುವೆ 1986ರ ಮೇ 7ರಂದು ಸ್ಪೇನ್‌ನ ಸೆವಿಲ್‌ನಲ್ಲಿ ಯುರೋಪಿಯನ್ ಕಪ್ ಫೈನಲ್. ಎದುರಾಳಿ ಬಾರ್ಸಿಲೋನಾ. ಪಂದ್ಯ ನಡೆದದ್ದೂ ಅವರ ದೇಶದಲ್ಲೇ, ಕ್ರೀಡಾಂಗಣ ತುಂಬಿದ್ದೂ ಅವರ ಜನರೇ.

120 ನಿಮಿಷ ಆಡಿದರೂ ಒಂದೂ ಗೋಲು ಬರಲಿಲ್ಲ. ಪೆನಾಲ್ಟಿ ಶೂಟೌಟ್. ಸ್ಟೆಯಾವಾದ ಮೊದಲ ಹೊಡೆತ ಮಜಾರು ಅವರದು. ಬಾರ್ಸಿಲೋನಾ ಗೋಲ್‌ಕೀಪರ್ ಉರುತಿ ತಡೆದರು. ಎರಡನೆಯದು ಬೊಲೊನಿಯವರದು. ತಂಡದ ಅತಿ ಅನುಭವಿ ಆಟಗಾರರಲ್ಲೊಬ್ಬರು, ದೇಶದ ಅತ್ಯುತ್ತಮ ಮಿಡ್‌ಫೀಲ್ಡರ್‌ಗಳಲ್ಲೊಬ್ಬರು. ಅದನ್ನೂ ಉರುತಿ ತಡೆದರು.

ಆ ರಾತ್ರಿ ಸ್ಟೆಯಾವಾವನ್ನು ಉಳಿಸಿದ್ದು ಗೋಲ್‌ಕೀಪರ್ ಹೆಲ್ಮುತ್ ಡುಕಾಡಮ್. ಬಾರ್ಸಿಲೋನಾದ ನಾಲ್ಕಕ್ಕೆ ನಾಲ್ಕೂ ಪೆನಾಲ್ಟಿ ತಡೆದರು. ಲಕಾತೂಷ್ ಮತ್ತು ಬಾಲಿಂಟ್ ಗೋಲು ಹೊಡೆದರು. 2–0ಯಿಂದ ಗೆದ್ದ ಸ್ಟೆಯಾವಾ ಯುರೋಪಿಯನ್ ಕಪ್ ಗೆದ್ದ ಪೂರ್ವ ಯುರೋಪಿನ ಮೊದಲ ತಂಡವಾಯಿತು.

ಬೊಲೊನಿಯವರ ಬದುಕಿನ ಅತಿ ದೊಡ್ಡ ಪದಕ ಅವರು ಪೆನಾಲ್ಟಿ ತಪ್ಪಿಸಿದ ರಾತ್ರಿಯೇ ಬಂತು. ಇದನ್ನು ಅದೃಷ್ಟ ಎಂದು ತಳ್ಳಿಹಾಕುವುದು ಸುಲಭ. ಆದರೆ ಬಾರ್ಸಿಲೋನಾದಂಥ ತಂಡಕ್ಕೆ 120 ನಿಮಿಷ ಒಂದೂ ಗೋಲು ಬಿಟ್ಟುಕೊಡದೆ ಆಟವನ್ನು ಅಲ್ಲಿಯವರೆಗೆ ಎಳೆದು ತಂದವರಲ್ಲಿ ಬೊಲೊನಿಯೂ ಒಬ್ಬರು. ಎರಡು ಗಂಟೆಯ ದುಡಿಮೆಯನ್ನು ಒಂದು ಒದೆತದಿಂದ ಅಳೆಯಲಾಗದು. ಎರಡು ಅಂಕದಲ್ಲಿ ಕಟ್‌ಆಫ್ ತಪ್ಪಿಸಿಕೊಂಡ ಎಷ್ಟೋ ಗೆಳೆಯರಿಗೆ ಈ ಮಾತು ಹೇಳಬೇಕು ಅನ್ನಿಸುತ್ತದೆ.

ಅದೇ ಮೈದಾನದಲ್ಲಿ ಅಂದು ಇನ್ನೊಬ್ಬರಿದ್ದರು. ಅಂಗೆಲ್ ಯೊರ್ದಾನೆಸ್ಕು. ಸಹಾಯಕ ಕೋಚ್ ಆಗಿದ್ದ ಅವರು ಅಂದು ಬದಲಿ ಆಟಗಾರನಾಗಿ ಕಣಕ್ಕಿಳಿದಿದ್ದರು. ಮುಂದೆ ಅವರೂ ಸೌದಿ ಅರೇಬಿಯಾದವರೆಗೆ ಹೋಗಿ ಕೋಚ್ ಆದರು. ಮಿರ್ಚಾ ಲುಚೆಸ್ಕು ಇಟಲಿ, ಟರ್ಕಿ, ಉಕ್ರೇನ್ ಸುತ್ತಿ 2009ರಲ್ಲಿ ಶಖ್ತಾರ್ ತಂಡಕ್ಕೆ ಯುಇಎಫ್‌ಎ ಕಪ್ ಗೆದ್ದುಕೊಟ್ಟರು. 1989ರ ಡಿಸೆಂಬರ್ ಕ್ರಾಂತಿಯ ನಂತರ ಗಡಿ ತೆರೆದಾಗ, ಬೇಲಿಯೊಳಗೆ ಬೆಳೆದ ಒಂದು ಪೀಳಿಗೆಯೇ ಚೀಲ ಹೆಗಲಿಗೇರಿಸಿ ಹೊರಟಿತ್ತು.

ಮೂವತ್ನಾಲ್ಕರಲ್ಲಿ ಮೊದಲ ಪಯಣ

ಬೊಲೊನಿ ಕ್ರಾಂತಿಗೂ ಎರಡು ವರ್ಷ ಮೊದಲೇ ಹೊರಬಿದ್ದವರು. 1987ರಲ್ಲಿ, ಆಟಗಾರರು ಬೂಟು ಕಳಚಿಡುವ 34ನೇ ವಯಸ್ಸಿನಲ್ಲಿ, ಬೆಲ್ಜಿಯಂನ ರೇಸಿಂಗ್ ಜೆಟ್ ಎಂಬ ಸಣ್ಣ ಕ್ಲಬ್ ಸೇರಿದರು. ಆಮೇಲೆ ಫ್ರಾನ್ಸ್‌ನ ಕ್ರೆತೇಯ್, ಓರ್ಲಿಯಾನ್. ಯುರೋಪಿನ ಅತಿ ದೊಡ್ಡ ಕಪ್ ಗೆದ್ದವರು ಕೆಳ ಡಿವಿಷನ್‌ಗಳಲ್ಲಿ, ಹೆಸರೇ ಕೇಳದ ಕ್ಲಬ್ಬುಗಳಲ್ಲಿ ಆಡಿದರು. ಅಷ್ಟರಲ್ಲಿ ಫ್ರೆಂಚ್ ಭಾಷೆ ಕಲಿತರು, ಅಲ್ಲಿನ ಫುಟ್‌ಬಾಲ್ ಹೇಗೆ ನಡೆಯುತ್ತದೆ ಎಂಬುದನ್ನು ಒಳಗಿನಿಂದ ನೋಡಿದರು.

1990ರ ದಶಕದ ಬಹುಪಾಲು ಅವರು ಕಳೆದದ್ದು ಫ್ರಾನ್ಸ್‌ನ ನಾನ್ಸಿ ಎಂಬ ಊರಿನಲ್ಲಿ. ಮಿಷೆಲ್ ಪ್ಲಾಟಿನಿ ಆಡಿ ಬೆಳೆದ ಕ್ಲಬ್ ಅದು. ಬೊಲೊನಿ ಮೊದಲು ಅಲ್ಲಿ ಎಳೆಯರಿಗೆ ತರಬೇತಿ ಕೊಟ್ಟರು, ಆಮೇಲೆ ಮುಖ್ಯ ಕೋಚ್ ಆದರು. 1998ರಲ್ಲಿ ತಂಡ ಎರಡನೇ ಡಿವಿಷನ್ ಚಾಂಪಿಯನ್ ಆಗಿ ಮೇಲೇರಿತು. 2000ದಲ್ಲಿ ಮತ್ತೆ ಕೆಳಗಿಳಿಯಿತು. ಏರುವುದೂ ಇಳಿಯುವುದೂ ಒಂದೇ ಕುರ್ಚಿಯಲ್ಲಿ ಕೂತು ನೋಡಿದ್ದಾಯಿತು.

ಇಲ್ಲಿ ಒಂದು ಮಾತು. ‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಬೊಲೊನಿ ಮೊದಲು ಕೋಶ ಓದಿದರು. ತರ್ಗು ಮುರೆಶ್‌ನ 14 ವರ್ಷ, ನಾನ್ಸಿಯ ಅಷ್ಟೊಂದು ವರ್ಷ, ಇವೆರಡೂ ಅವರ ಬುತ್ತಿ. ಆಮೇಲಿನ ಎರಡು ದಶಕಗಳ ಅಲೆದಾಟದಲ್ಲಿ ಅವರು ಬಿಚ್ಚಿ ಉಂಡಿದ್ದು ಅದನ್ನೇ. ಬುತ್ತಿ ಕಟ್ಟದೆ ಹೊರಟಿದ್ದರೆ ಮೊದಲ ಊರಿನಲ್ಲೇ ಹಸಿವು ಕಾಣಿಸುತ್ತಿತ್ತು.

ಲಿಸ್ಬನ್‌ನಲ್ಲಿ ಒಬ್ಬ ಹುಡುಗ

2000ದಲ್ಲಿ ಅವರಿಗೆ ರುಮೇನಿಯಾ ರಾಷ್ಟ್ರೀಯ ತಂಡದ ಹೊಣೆ ಬಂತು. ಮರುವರ್ಷವೇ ಪೋರ್ಚುಗಲ್‌ನ ಸ್ಪೋರ್ಟಿಂಗ್ ಲಿಸ್ಬನ್ ಕರೆಯಿತು. ಹೋದರು. ಮೊದಲ ವರ್ಷದಲ್ಲೇ, 2001–02ರಲ್ಲಿ, ಸ್ಪೋರ್ಟಿಂಗ್ ಲೀಗನ್ನೂ ಗೆದ್ದಿತು, ಪೋರ್ಚುಗಲ್ ಕಪ್ಪನ್ನೂ ಗೆದ್ದಿತು. ಬ್ರೆಜಿಲ್‌ನ ಜಾರ್ಡೆಲ್ ಆ ಲೀಗ್‌ನಲ್ಲಿ 42 ಗೋಲು ಹೊಡೆದರು. ಆಮೇಲೆ ಸ್ಪೋರ್ಟಿಂಗ್ ಮತ್ತೆ ಲೀಗ್ ಗೆಲ್ಲಲು 2021ರವರೆಗೆ, ಅಂದರೆ 19 ವರ್ಷ ಕಾಯಬೇಕಾಯಿತು. ಬೊಲೊನಿ ಒಂದೇ ವರ್ಷದಲ್ಲಿ ಮಾಡಿದ್ದು ಎಷ್ಟು ಕಷ್ಟದ್ದಾಗಿತ್ತು ಎಂಬುದಕ್ಕೆ ಈ ಅಂಕಿಯೇ ಸಾಕ್ಷಿ.

ಆ ತಂಡದಲ್ಲಿ ರಿಕಾರ್ಡೊ ಕ್ವಾರೆಸ್ಮಾ, ಹ್ಯೂಗೊ ವಿಯಾನಾ ಎಂಬ ಹದಿಹರೆಯದವರಿಗೆ ಅವರು ಜಾಗ ಕೊಟ್ಟಿದ್ದರು. ಮರುವರ್ಷ ಮದೇರಾ ದ್ವೀಪದಿಂದ ಬಂದಿದ್ದ 17ರ ಹುಡುಗನೊಬ್ಬನನ್ನು ಮೇಲಕ್ಕೆ ತಂದರು. ಅಕಾಡೆಮಿಯಲ್ಲಿ ಆತ ಮುಂಪಡೆಯ ನಡುವೆ ಆಡುತ್ತಿದ್ದ. ಗಟ್ಟಿಮುಟ್ಟಾದ ಡಿಫೆಂಡರ್‌ಗಳ ಜತೆ ಮೈಗೆ ಮೈ ತಾಗಿಸಿ ಆಡುವ ದೇಹ ಇನ್ನೂ ಬಂದಿರಲಿಲ್ಲ. ಬೊಲೊನಿ ಅವನನ್ನು ಅಂಚಿಗೆ, ವಿಂಗ್‌ಗೆ ಸರಿಸಿದರು. 2002ರ ಆಗಸ್ಟ್ 14ರಂದು ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯದಲ್ಲಿ ಇಂಟರ್ ಮಿಲಾನ್ ವಿರುದ್ಧ ಬದಲಿ ಆಟಗಾರನಾಗಿ ಕಳಿಸಿದರು. ಅಕ್ಟೋಬರ್ 7ರಂದು ಮೊರೇರೆನ್ಸ್ ತಂಡದ ವಿರುದ್ಧ ಲೀಗ್ ಪಂದ್ಯದಲ್ಲಿ ಹುಡುಗ ಎರಡು ಗೋಲು ಹೊಡೆದ. ಅವನೇ ರೊನಾಲ್ಡೊ.

ದುರ್ಬಲ ಹುಡುಗನನ್ನು ‘ಇನ್ನೂ ಎರಡು ವರ್ಷ ಬಿಟ್ಟು ಬಾ’ ಎಂದು ವಾಪಸ್ ಕಳಿಸಬಹುದಿತ್ತು. ಇದ್ದ ಬಲಕ್ಕೆ ತಕ್ಕ ಜಾಗ ಹುಡುಕಿಕೊಟ್ಟದ್ದು ಬೊಲೊನಿಯವರ ಕಣ್ಣು. ಫ್ರೆಶರ್‌ಗಳಿಗೂ ಅನುಭವ ಕೇಳುವ ಕಾಲದಲ್ಲಿ ಇಂಥ ಮೇಲಧಿಕಾರಿ ಸಿಗುವುದು ಪುಣ್ಯ.

ಆದರೆ ಆ ವರ್ಷ ಸ್ಪೋರ್ಟಿಂಗ್ ಮೂರನೇ ಸ್ಥಾನಕ್ಕೆ ಕುಸಿಯಿತು. ಬೊಲೊನಿ 2003ರಲ್ಲಿ ಲಿಸ್ಬನ್ ಬಿಟ್ಟರು. ಅದೇ ಆಗಸ್ಟ್‌ನಲ್ಲಿ ಹೊಸ ಕ್ರೀಡಾಂಗಣದ ಉದ್ಘಾಟನಾ ಪಂದ್ಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ರೊನಾಲ್ಡೊ ಆಡಿದ ಆಟಕ್ಕೆ ಜಗತ್ತೇ ಬೆರಗಾಯಿತು. ಕೆಲವೇ ದಿನಗಳಲ್ಲಿ ಆತ ಇಂಗ್ಲೆಂಡ್‌ಗೆ ಹಾರಿದ. ಅಂದು ಸ್ಪೋರ್ಟಿಂಗ್ ಕೋಚ್ ಕುರ್ಚಿಯಲ್ಲಿ ಕೂತಿದ್ದವರು ಬೇರೆಯವರು.

ಇನ್ನೊಬ್ಬರ ಸುಗ್ಗಿ

ಈ ‘ಬೇರೆಯವರು’ ಎಂಬ ಮಾತು ಬೊಲೊನಿ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಫ್ರಾನ್ಸ್‌ನ ರೆನ್ ತಂಡವನ್ನು 2004–05ರಲ್ಲಿ ನಾಲ್ಕನೇ ಸ್ಥಾನಕ್ಕೆ ತಂದರು. ಆ ಕ್ಲಬ್ ಅಷ್ಟು ಮೇಲೇರಿದ್ದು ಬಹಳ ಅಪರೂಪ. ಆಮೇಲೆ ಮೊನಾಕೊ, ಅಬುಧಾಬಿ ನೋಡಿ 2008ರಲ್ಲಿ ಬೆಲ್ಜಿಯಂನ ಸ್ಟಾಂಡರ್ಡ್ ಲಿಯೇಜ್‌ಗೆ ಬಂದರು. ಹಿಂದಿನ ಕೋಚ್ 25 ವರ್ಷಗಳ ನಂತರ ಲೀಗ್ ಗೆದ್ದುಕೊಟ್ಟು ಹೋಗಿದ್ದರು. ಗೆದ್ದ ತಂಡದ ಹೊಣೆ ಹೊರುವುದು ಸೋತ ತಂಡದ ಹೊಣೆಗಿಂತ ಕಷ್ಟ. ಗೆದ್ದರೆ ಹಿಂದಿನವರ ಪುಣ್ಯ, ಸೋತರೆ ಹೊಸಬನ ಪಾಪ. ಅದರ ಮೇಲೆ, ಋತು ಶುರುವಾದ ಹೊಸದರಲ್ಲೇ ಮಿಡ್‌ಫೀಲ್ಡ್‌ನ ಆಧಾರವಾಗಿದ್ದ ಫೆಲ್ಲೈನಿಯನ್ನು ಕ್ಲಬ್ ಎವರ್ಟನ್‌ಗೆ ಮಾರಿತು.

ಋತು ಮುಗಿದಾಗ ಸ್ಟಾಂಡರ್ಡ್ ಮತ್ತು ಆಂಡರ್‌ಲೆಕ್ಟ್ ಇಬ್ಬರಿಗೂ ತಲಾ 77 ಅಂಕ. ಚಾಂಪಿಯನ್ ಯಾರೆಂದು ತೀರ್ಮಾನಿಸಲು ಎರಡು ಹೆಚ್ಚುವರಿ ಪಂದ್ಯ ಆಡಿಸಬೇಕಾಯಿತು. ಮೊದಲನೆಯದು 1–1. ಎರಡನೆಯದನ್ನು ಆಕ್ಸೆಲ್ ವಿಟ್ಸೆಲ್ ಅವರ ಪೆನಾಲ್ಟಿಯಿಂದ ಸ್ಟಾಂಡರ್ಡ್ 1–0ಯಿಂದ ಗೆದ್ದಿತು. ಸೆವಿಲ್‌ನಲ್ಲಿ ಪೆನಾಲ್ಟಿ ತಪ್ಪಿಸಿದ ಮನುಷ್ಯನಿಗೆ 23 ವರ್ಷಗಳ ನಂತರ ಒಂದು ಪೆನಾಲ್ಟಿ ಪ್ರಶಸ್ತಿ ತಂದುಕೊಟ್ಟಿತು.

ಆ ವರ್ಷದ ಡಿಸೆಂಬರ್ 9ರಂದು ಚಾಂಪಿಯನ್ಸ್ ಲೀಗ್‌ನಲ್ಲಿ ಡಚ್ ತಂಡ ಎಝಡ್ ವಿರುದ್ಧ ಸ್ಟಾಂಡರ್ಡ್ 0–1ರಿಂದ ಹಿಂದಿತ್ತು. ಹೆಚ್ಚುವರಿಯಾಗಿ ಕೊಟ್ಟ ಐದನೇ ನಿಮಿಷದಲ್ಲಿ ಗೋಲ್‌ಕೀಪರ್ ಸಿನಾನ್ ಬೋಲಾಟ್ ಎದುರಾಳಿ ಗೋಲಿನವರೆಗೆ ಓಡಿಬಂದು ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಆ ಗೋಲಿನಿಂದ ಗುಂಪಿನಲ್ಲಿ ಮೂರನೇ ಸ್ಥಾನ ಸಿಕ್ಕಿ, ಸ್ಟಾಂಡರ್ಡ್‌ಗೆ ಯುರೋಪಾ ಲೀಗ್ ಬಾಗಿಲು ತೆರೆಯಿತು. ತಂಡ ಅಲ್ಲಿ ಕ್ವಾರ್ಟರ್‌ಫೈನಲ್ ತನಕ ಹೋಯಿತು. ಅಷ್ಟು ಹೊತ್ತಿಗೆ ಬೊಲೊನಿ ಹೊರನಡೆದಾಗಿತ್ತು. 2010ರ ಫೆಬ್ರುವರಿಯಲ್ಲೇ ಅವರು ಕೆಲಸ ಬಿಟ್ಟಿದ್ದರು.

2017ರಲ್ಲಿ, 64ನೇ ವಯಸ್ಸಿನಲ್ಲಿ, ಅದೇ ದೇಶದ ಆಂಟ್‌ವರ್ಪ್‌ಗೆ ಹೋದರು. 1880ರಲ್ಲಿ ಹುಟ್ಟಿದ, ಬೆಲ್ಜಿಯಂನ ಅತಿ ಹಳೆಯ ಕ್ಲಬ್. 13 ವರ್ಷ ಎರಡನೇ ಡಿವಿಷನ್‌ನಲ್ಲಿ ಕಳೆದು ಆಗಷ್ಟೇ ಮೇಲೆ ಬಂದಿತ್ತು. ಎರಡನೇ ವರ್ಷಕ್ಕೇ ತಂಡ ನಾಲ್ಕನೇ ಸ್ಥಾನ ಪಡೆದು, ಸುಮಾರು ಕಾಲು ಶತಮಾನದ ನಂತರ ಯುರೋಪಿನ ಟೂರ್ನಿಗೆ ಮರಳಿತು. ಮೂರನೇ ವರ್ಷ ಬೆಲ್ಜಿಯನ್ ಕಪ್ ಫೈನಲ್ ತಲುಪಿತು. ಅಷ್ಟರಲ್ಲಿ ಕೊರೊನಾ ಬಂತು, ಫೈನಲ್ ಮುಂದಕ್ಕೆ ಹೋಯಿತು, ಬೊಲೊನಿಯವರ ಒಪ್ಪಂದ ಮುಗಿಯಿತು. 2020ರ ಆಗಸ್ಟ್ 1ರಂದು ಆಂಟ್‌ವರ್ಪ್ ಕಪ್ ಗೆದ್ದಾಗ ಮೈದಾನದ ಅಂಚಿನಲ್ಲಿ ನಿಂತಿದ್ದವರು ಹೊಸ ಕೋಚ್.

ಇದನ್ನು ಓದುವಾಗ ನನಗೆ ನನ್ನ ಎರಡನೇ ಕೆಲಸ ನೆನಪಾಯಿತು. ಎರಡು ವರ್ಷದಿಂದ ಯಾರೂ ಮುಟ್ಟದೆ ಬಿಟ್ಟಿದ್ದ ಸ್ಟಾಕ್ ಲೆಕ್ಕ ನನ್ನ ಪಾಲಿಗೆ ಬಂದಿತ್ತು. ಗೋದಾಮಿನಲ್ಲಿ ನಿಂತು ಎಣಿಸಿ, ಹಳೆಯ ಬಿಲ್ಲುಗಳನ್ನು ಒಂದೊಂದಾಗಿ ಟ್ಯಾಲಿಗೆ ಏರಿಸಿ, ಜಿಎಸ್‌ಟಿ ರಿಟರ್ನ್‌ಗಳ ಜತೆ ತಾಳೆ ನೋಡಿ ಮುಗಿಸುವಷ್ಟರಲ್ಲಿ ನನ್ನ ಕರಾರೂ ಮುಗಿಯಿತು. ಆಡಿಟ್ ಸಲೀಸಾಗಿ ಆಯಿತಂತೆ, ನನ್ನ ನಂತರ ಬಂದವರಿಗೆ ಹೊಗಳಿಕೆಯೂ ಬಂತಂತೆ. ಕೇಳಿದಾಗ ಹೊಟ್ಟೆ ಉರಿದಿತ್ತು. ಈಗ ಯೋಚಿಸಿದರೆ, ಆ ಕೆಲಸದಲ್ಲಿ ನಾನು ಕಲಿತ ತಾಳೆ ನೋಡುವ ವಿದ್ಯೆಯನ್ನು ನೋಡಿಯೇ ವಿಶಾಖಪಟ್ಟಣದವರು ನನ್ನನ್ನು ಆರಿಸಿದ್ದು. ಹೊಗಳಿಕೆ ಅಲ್ಲೇ ಉಳಿಯಿತು, ವಿದ್ಯೆ ನನ್ನ ಜತೆ ಬಂತು.

ಸೋಲಿನ ಲೆಕ್ಕವೂ ಇರಲಿ

ಬೊಲೊನಿ ಹೋದಲ್ಲೆಲ್ಲ ಗೆದ್ದರು ಎಂದು ಬರೆದರೆ ಸುಳ್ಳಾಗುತ್ತದೆ. 2006ರಲ್ಲಿ ಮೊನಾಕೊ ಅವರನ್ನು ಕೆಲವೇ ತಿಂಗಳಲ್ಲಿ ಮನೆಗೆ ಕಳಿಸಿತು. 2011ರ ಜನವರಿಯಲ್ಲಿ ಲಾನ್ಸ್ ತಂಡ ಮುಳುಗುತ್ತಿರುವಾಗ ಚುಕ್ಕಾಣಿ ಹಿಡಿದರು. ಉಳಿಸಲಾಗಲಿಲ್ಲ, ತಂಡ ಎರಡನೇ ಡಿವಿಷನ್‌ಗೆ ಇಳಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಗ್ರೀಸ್‌ನ ಪಾವೊಕ್ ತಂಡದೊಂದಿಗೆ ಲಂಡನ್‌ಗೆ ಹೋಗಿ ಟಾಟೆನ್‌ಹ್ಯಾಮ್ ತಂಡವನ್ನು ಅದರ ಮನೆಯಂಗಳದಲ್ಲೇ 2–1ರಿಂದ ಸೋಲಿಸಿದರು. ಮೇ ತಿಂಗಳಲ್ಲಿ ಅಳುತ್ತಿದ್ದ ಊರಿನಲ್ಲಿ, ನವೆಂಬರ್‌ನಲ್ಲಿ ನಗುತ್ತಿದ್ದ ಊರಿನಲ್ಲಿ ಇದ್ದವರು ಒಬ್ಬರೇ ಕೋಚ್.

ಇನ್ನು ನಾಲ್ಕು ವಾರ ತುಂಬದ ಕೆಲಸ. 2020ರ ಆಗಸ್ಟ್ 20ರಂದು ಬೆಲ್ಜಿಯಂನ ಘೆಂಟ್ ಕ್ಲಬ್ ಬೊಲೊನಿಯವರನ್ನು ನೇಮಿಸಿತು. ಸೆಪ್ಟೆಂಬರ್ 14ರಂದು ತೆಗೆದುಹಾಕಿತು. 67 ವರ್ಷ, ನಾಲ್ಕು ದಶಕ ದಾಟಿದ ಅನುಭವ, ಯುರೋಪಿಯನ್ ಕಪ್, ಎರಡು ದೇಶಗಳ ಲೀಗ್ ಪ್ರಶಸ್ತಿ. ಯಾವುದೂ ಆ ನೌಕರಿಯನ್ನು ಉಳಿಸಲಿಲ್ಲ. ನಮ್ಮಲ್ಲಾದರೆ ‘ಸಾಕಪ್ಪ, ಇನ್ನು ಮನೇಲಿರು’ ಎನ್ನುವ ವಯಸ್ಸು. ಎರಡು ತಿಂಗಳು ತುಂಬುವ ಮೊದಲೇ ಅವರು ಅಥೆನ್ಸ್‌ನ ಪನಾಥಿನೈಕೋಸ್ ತಂಡದ ಕೋಚ್ ಆಗಿದ್ದರು.

ಫುಟ್‌ಬಾಲ್ ಕೋಚ್‌ನ ನೌಕರಿ ಎಂದರೆ ಹೀಗೆಯೇ. ಗೋಲು ಹೊಡೆಯುವವರು ಬೇರೆ, ಆಟಗಾರರನ್ನು ಕೊಳ್ಳುವ, ಮಾರುವ ಮಾಲೀಕರು ಬೇರೆ. ಸೋಲು ಮಾತ್ರ ಕೋಚ್ ಹೆಸರಿಗೆ. ನಾಲ್ಕು ಪಂದ್ಯ ಸೋತರೆ 11 ಆಟಗಾರರನ್ನು ಬದಲಿಸಲಾಗದು, ಒಬ್ಬ ಕೋಚನ್ನು ಬದಲಿಸಬಹುದು. ಆದ್ದರಿಂದ ಎಷ್ಟು ಕಾಲ ಇರುತ್ತೇನೆ ಎಂಬುದು ಅವರ ಕೈಯಲ್ಲಿಲ್ಲ. ಇರುವಷ್ಟು ಕಾಲ ಏನು ಮಾಡುತ್ತೇನೆ ಎಂಬುದಷ್ಟೇ ಕೈಯಲ್ಲಿರುವುದು. ಇಂದಿನ ಗುತ್ತಿಗೆ ನೌಕರಿಗಳ ಕಾಲದಲ್ಲಿ ನಾವೆಲ್ಲ ಒಂದು ಲೆಕ್ಕದಲ್ಲಿ ಫುಟ್‌ಬಾಲ್ ಕೋಚ್‌ಗಳೇ.

ಹಾಗೆಂದು ಅಲೆದಾಟವನ್ನು ಹಾಡಿ ಹೊಗಳುವ ಆಸೆ ನನಗಿಲ್ಲ. ಕೋಚ್‌ಗೆ ಸಿಗುವ ಸಂಬಳ ನಮಗಿಲ್ಲ. ಕೆಲಸ ಹೋದ ತಿಂಗಳು ಪಿ.ಜಿ. ಬಾಡಿಗೆ ಕಟ್ಟುವುದು ಹೇಗೆಂಬ ಚಿಂತೆ ಅವರಿಗಿರಲಿಕ್ಕಿಲ್ಲ. ಕಾಯಂ ನೌಕರಿ ಬೇಕೆನ್ನುವುದು ಸೋಮಾರಿತನವಲ್ಲ, ಅದು ಬದುಕಿನ ಭದ್ರತೆಯ ಪ್ರಶ್ನೆ. ನಾನು ಹೇಳಹೊರಟಿದ್ದು ಇಷ್ಟೇ: ಬಯೋಡೇಟಾದಲ್ಲಿ ಊರುಗಳು ಹೆಚ್ಚಾದ ಮಾತ್ರಕ್ಕೆ ಮನುಷ್ಯ ಹಗುರಾಗುವುದಿಲ್ಲ. ಒಂದು ವಿದ್ಯೆಯನ್ನು ಬೇರು ಸಹಿತ ಕಲಿತಿದ್ದರೆ ಊರು ಬದಲಾದರೂ ಗಿಡ ಹಿಡಿಯುತ್ತದೆ. ಬೇರಿಲ್ಲದಿದ್ದರೆ ಇದ್ದ ಊರಿನಲ್ಲೇ ಬಾಡುತ್ತದೆ.

‘ಯಾಕೆ ಒಂದು ಕಡೆ ನಿಲ್ಲಲಿಲ್ಲ?’ ಎಂದು ಮುಂದಿನ ಸಲ ಕೇಳಿದರೆ ತಬ್ಬಿಬ್ಬಾಗದೆ ಉತ್ತರ ಕೊಡಬೇಕೆಂದಿದ್ದೇನೆ. ಎಷ್ಟು ದಿನ ಇದ್ದೆ ಎಂಬುದರ ಜತೆಗೆ, ನಾನು ಬಂದಾಗ ಅಲ್ಲಿ ಏನಿತ್ತು, ಹೊರಟಾಗ ಏನಿತ್ತು ಎಂಬುದನ್ನೂ ಹೇಳುತ್ತೇನೆ. ನೀವೂ ನಿಮ್ಮ ಪ್ರತಿ ಕೆಲಸದ ಮುಂದೆ ಈ ಎರಡು ಸಾಲು ಬರೆದು ನೋಡಿ. ಇಂಟರ್ನ್‌ಶಿಪ್ ಆಗಿರಲಿ, ಅಂಗಡಿಯ ಪಾರ್ಟ್‌ಟೈಮ್ ಕೆಲಸವೇ ಆಗಿರಲಿ. ಬರೆಯಲು ಏನಾದರೂ ಸಿಕ್ಕರೆ ಆ ತಿಂಗಳುಗಳು ವ್ಯರ್ಥವಾಗಿಲ್ಲ. ಹದಿನೆಂಟು ತಿಂಗಳ ವಿಶಾಖಪಟ್ಟಣಕ್ಕೆ ನಾನು ಹ್ಞೂಂ ಎಂದಿದ್ದೇನೆ. ತೆಲುಗು ಅಕ್ಷರಗಳನ್ನು ಕಲಿಯಲು ಶುರುಮಾಡಿದ್ದೇನೆ. ನಮ್ಮ ಲಿಪಿಗೆ ಹತ್ತಿರವಿದ್ದರೂ ಆಗಾಗ ಕೈ ಕೊಡುತ್ತದೆ.

ಬೊಲೊನಿ ಕಥೆಯ ಇನ್ನೊಂದು ಪುಟ ಹೇಳಿ ಮುಗಿಸುತ್ತೇನೆ. 2022ರಲ್ಲಿ ಫ್ರಾನ್ಸ್‌ನ ಮೆಟ್ಜ್ ತಂಡ ಮೊದಲ ಡಿವಿಷನ್‌ನಿಂದ ಕೆಳಗೆ ಬಿದ್ದಿತ್ತು. ಎತ್ತಲು 69ರ ಬೊಲೊನಿಯನ್ನು ಕರೆಯಿತು. ಅವರು ಕೋಚಿಂಗ್ ಕಲಿತ ನಾನ್ಸಿ ಅಲ್ಲಿಂದ ಒಂದು ಗಂಟೆಯ ದಾರಿ. ಜಾರ್ಜಿಯಾದ ಯುವಕ ಮಿಕೌಟಾದ್ಜೆ ಆ ಋತುವಿನಲ್ಲಿ 23 ಗೋಲು ಹೊಡೆದ. 2023ರಲ್ಲಿ, ಕೋಚ್‌ಗೆ 70 ತುಂಬಿದ ವರ್ಷ, ಮೆಟ್ಜ್ ಮತ್ತೆ ಮೊದಲ ಡಿವಿಷನ್‌ಗೆ ಏರಿತು. ಬೇಸಿಗೆಯಲ್ಲಿ ಕ್ಲಬ್ ಮಿಕೌಟಾದ್ಜೆಯನ್ನು ಮಾರಿತು. ಗೋಲುಗಳಿಲ್ಲದೆ ತಂಡ ಒದ್ದಾಡಿತು, ಜನವರಿಯಲ್ಲಿ ಅದೇ ಆಟಗಾರನನ್ನು ಎರವಲು ತಂದಿತು. 2024ರಲ್ಲಿ ಉಳಿವಿಗಾಗಿ ನಡೆದ ಪ್ಲೇಆಫ್‌ನಲ್ಲಿ ಸೇಂಟ್ ಎತಿಯೆನ್‌ಗೆ ಸೋತು ಮತ್ತೆ ಕೆಳಗಿಳಿಯಿತು. ಬೊಲೊನಿ ಅಲ್ಲಿಂದಲೂ ಹೊರಟರು.

ಆ ಸೋಲಿನ ಹೊತ್ತಿಗೆ ಅವರಿಗೆ 71. ದಂತವೈದ್ಯಕೀಯ ಪದವಿ ಇನ್ನೂ ಪೆಟ್ಟಿಗೆಯಲ್ಲೇ ಇತ್ತು.